ಲಟ್ಟಲೂರಿನಿಂದ ಮಳಖೇಡಕ್ಕೆ: ರಾಷ್ಟ್ರಕೂಟರ ಮೂಲದ ಪ್ರಶ್ನೆ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯೇ ಹೊರತು ಅವರ ಮೂಲಸ್ಥಾನವಲ್ಲ. ಕಾಗಿಣಾ ದಂಡೆಯ ಈ ಊರನ್ನು ಇಂದ್ರನ ನಗರಕ್ಕೂ ಮಿಗಿಲಾಗಿ ಕಟ್ಟಿಸಿದವನು ಅಮೋಘವರ್ಷನೆಂದು ಮೂರನೆಯ ಕೃಷ್ಣನ ಕಾಲದ ತಾಮ್ರಪಟಗಳು ಹೊಗಳುತ್ತವೆ. ಆದರೆ ಇದೇ ಮನೆತನದ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಮಣಿಸಿದ್ದು 8ನೇ ಶತಮಾನದ ಮಧ್ಯಭಾಗದಲ್ಲಿ, ಅಮೋಘವರ್ಷ ಪಟ್ಟಕ್ಕೆ ಬರುವ ಎಷ್ಟೋ ಮೊದಲು. ಹಾಗಾದರೆ ಈ ಮನೆತನ ಎಲ್ಲಿಂದ ಬಂತು?

ವಿದ್ವಾಂಸರ ಉತ್ತರಗಳು ಒಂದಕ್ಕೊಂದು ಕೂಡುವುದಿಲ್ಲ. ಬರ್ನೆಲ್ ಇವರನ್ನು ತೆಲುಗು ರೆಡ್ಡಿಗಳ ಕಡೆಗೆ ಎಳೆದರು, ಸಿ. ವಿ. ವೈದ್ಯ ಮರಾಠರ ಕಡೆಗೆ. ರಾಜಸ್ಥಾನದ ರಾಠೋಡರೊಂದಿಗೆ ಗಂಟು ಹಾಕಿದವರೂ ಉಂಟು. ಹೆಸರಿನ ಹೋಲಿಕೆಯನ್ನೇ ನೆಚ್ಚಿದ ವಾದಗಳಿಗೆ ನಾನು ಹೆಚ್ಚು ಬೆಲೆ ಕೊಡಲಾರೆ. ‘ರಾಷ್ಟ್ರಕೂಟ’ ಎಂಬುದು ಗ್ರಾಮಕೂಟದಂತೆ ಮೊದಲಿಗೆ ಒಂದು ಅಧಿಕಾರಸ್ಥಾನ. ಅದನ್ನು ಹೊತ್ತವರೆಲ್ಲ ಒಂದೇ ರಕ್ತದವರಾಗಬೇಕಿಲ್ಲ. ತಾವು ಯದುವಂಶದವರೆಂಬ ರಾಷ್ಟ್ರಕೂಟರ ಮಾತೂ ಅಷ್ಟೇ. ಎಲ್ಲೋರದ ದಶಾವತಾರ ಗುಹೆಯ ಶಾಸನ ದಂತಿವರ್ಮನಿಂದ ದಂತಿದುರ್ಗನವರೆಗೆ ಮನುಷ್ಯರ ಹೆಸರುಗಳನ್ನು ಸಾಲಾಗಿ ಕೊಡುತ್ತದೆ. ಯದು, ಸಾತ್ಯಕಿಯರವರೆಗೆ ಹೋಗುವ ತುಂಬು ವಂಶಾವಳಿ ಕಾಣುವುದು ಸಾಮ್ರಾಜ್ಯ ಬೆಳೆದು ನಿಂತ ಮೇಲಿನ ಪಟಗಳಲ್ಲಿ. ಸಿಂಹಾಸನ ಗಟ್ಟಿಯಾದಷ್ಟೂ ಪೂರ್ವಜರು ದೊಡ್ಡವರಾಗುತ್ತ ಹೋಗುತ್ತಾರೆ.

ಗಟ್ಟಿ ಆಧಾರವೆಂದರೆ 866ರ ಸಿರೂರು ಶಾಸನ. ಅದು ಅಮೋಘವರ್ಷನನ್ನು ಲಟ್ಟಲೂರಿನ ಒಡೆಯನೆಂದು ಕರೆಯುತ್ತದೆ. ಆಗ ಅವನ ರಾಜಧಾನಿ ಲಟ್ಟಲೂರು ಅಲ್ಲವೇ ಅಲ್ಲ. ಆದ್ದರಿಂದ ಇದು ಮನೆತನ ಕಾಪಿಟ್ಟುಕೊಂಡ ಹಳೆಯ ಊರಿನ ನೆನಪು. ಎಷ್ಟೋ ಕಾಲದ ಮೇಲೆ ಸವದತ್ತಿಯ ರಟ್ಟರೂ ಇದೇ ಬಿರುದನ್ನು ಧರಿಸಿದರು. ಶಾಸನತಜ್ಞ ಫ್ಲೀಟ್ ಒಮ್ಮೆ ಲಟ್ಟಲೂರನ್ನು ಬಿಲಾಸಪುರ ಕಡೆಯ ರತನಪುರವೆಂದು ಊಹಿಸಿದ್ದರು. ಮಹಾರಾಷ್ಟ್ರದ ಲಾತೂರು ಎಂಬುದೇ ಈಗ ಹೆಚ್ಚಿನವರು ಒಪ್ಪಿದ ಮಾತು. ಲಾತೂರು ಗೋದಾವರಿಯ ದಕ್ಷಿಣಕ್ಕಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳುವ ‘ಕವಿರಾಜಮಾರ್ಗ’ ಇದೇ ಅಮೋಘವರ್ಷನ ಆಸ್ಥಾನದ್ದು; ಅದರ ಎಲ್ಲೆಯೊಳಗೇ ಲಾತೂರು ಬರುತ್ತದೆ.

ಇತಿಹಾಸಕಾರ ಅಳ್ತೇಕರರು ರಾಷ್ಟ್ರಕೂಟರ ಕುರಿತ 1934ರ ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಲಾತೂರಿನ ಈ ಕನ್ನಡ ಮನೆತನ ಬೇರಾರಿನ ಎಲಿಚಪುರಕ್ಕೆ ವಲಸೆ ಹೋಗಿ ಅಲ್ಲಿ ಬಲಿತಿರಬೇಕೆಂದರು. ಆ ಭಾಗದ ಅರಸ ಯುದ್ಧಾಸುರನ ತಾಮ್ರಪಟಗಳಲ್ಲಿನ ಹೆಸರುಗಳು ದಂತಿದುರ್ಗನ ಹಿರಿಯರ ಹೆಸರುಗಳನ್ನು ಹೋಲುತ್ತವೆ, ನಿಜ. ಆದರೆ ಎರಡು ಮನೆಗಳನ್ನು ಜೋಡಿಸುವ ಒಂದು ಸಾಲೂ ಸಿಕ್ಕಿಲ್ಲ. ವಲಸೆಯ ಈ ನಡುಗಂಟು ಊಹೆಯಾಗಿಯೇ ಉಳಿಯಬೇಕು.

ಭಾಷೆಯ ವಿಷಯದಲ್ಲಿ ಅಷ್ಟು ಅನುಮಾನವಿಲ್ಲ. ಗುಜರಾತಿನಲ್ಲಿ ಆಳುತ್ತಿದ್ದ ಶಾಖೆಯ ಕರ್ಕನ ಬರೋಡಾ ಮತ್ತು ನವಸಾರಿ ತಾಮ್ರಪಟಗಳನ್ನು ನೋಡಿ: ದಾನಪಾಠವೆಲ್ಲ ಸಂಸ್ಕೃತ, ರುಜು ಮಾತ್ರ ಕನ್ನಡ ಲಿಪಿಯದ್ದು. ದಾನ ಪಡೆದವರಿಗೆ ಆ ಅಕ್ಷರ ಬೇಕಿರಲಿಲ್ಲ. ರುಜು ಹಾಕಿದ ಕೈಗೆ ರೂಢಿಯಾಗಿತ್ತು. ಮನೆಯೊಳಗಿನ ಹೆಸರುಗಳೂ ಚಂದ್ರೊಬಲಬ್ಬೆ, ರೇವಕನಿಮ್ಮಡಿ, ಬದ್ದೆಗ. ದೂರದ ಮಧ್ಯಪ್ರದೇಶದ ಜೂರಾದಲ್ಲೂ ಮೂರನೆಯ ಕೃಷ್ಣನ ಪ್ರಶಸ್ತಿ ಕನ್ನಡದಲ್ಲಿದೆ. ಇವೆಲ್ಲ ಆಡುನುಡಿಗೆ ಸಾಕ್ಷಿ; ಮೊದಲ ಪೂರ್ವಜ ಹುಟ್ಟಿದ ಊರಿಗೆ ಅಲ್ಲ. ಈ ಎರಡನ್ನು ಬೆರೆಸುವ ಅಭ್ಯಾಸ ನಮ್ಮಲ್ಲೂ ಇದೆ.

ನನ್ನ ತೀರ್ಮಾನ ಇಷ್ಟು: ಲಾತೂರಿನ ನೆನಪು ನಂಬಲರ್ಹ, ಕನ್ನಡ ಮನೆಮಾತು ಬಹುಮಟ್ಟಿಗೆ ಖಚಿತ, ಎಲಿಚಪುರದ ನಂಟು ಸಿದ್ಧವಾಗಿಲ್ಲ, ಯದುವಂಶ ಆಸ್ಥಾನದ ಅಲಂಕಾರ. ಇದನ್ನು ಬದಲಿಸಬೇಕಾದರೆ ಹೊಸ ಶಾಸನವೇ ಸಿಗಬೇಕು. ಶಹಾಬಾದ, ವಾಡಿ ಸುತ್ತಿನ ಕಲ್ಲುಗಣಿಗಳಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ಅಕ್ಷರವಿರುವ ಕಲ್ಲೋ ತಗಡೋ ಕಂಡರೆ ಉಜ್ಜಿ ತೊಳೆಯಬೇಡಿ, ಸುಣ್ಣ ಬಳಿಯಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ.