ಹಾವುಗಳ ಚರ್ಮರೋಗ ಚಿಕಿತ್ಸೆ: ಇತಿಹಾಸ

ಮನುಷ್ಯನ ವಶದಲ್ಲಿರುವ ಹಾವುಗಳ ಮೈಗೆ ತಗಲುವ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ನುಸಿಗಳ ಸೋಂಕನ್ನು ಗುರುತಿಸಿ ವಾಸಿಮಾಡುವ ಪಶುವೈದ್ಯ ವಿದ್ಯೆ. ಹಾವಾಡಿಗನ ಬುಟ್ಟಿಯ ನಾಗರ, ಮೃಗಾಲಯದ ಹೆಬ್ಬಾವು, ಕಳ್ಳಸಾಗಣೆಯ ಚೀಲದಿಂದ ಬಿಡಿಸಿಕೊಂಡ ಮಣ್ಣುಮುಕ್ಕ, ನಗರದ ಮನೆಯೊಂದರ ಗಾಜಿನ ಪೆಟ್ಟಿಗೆಯಲ್ಲಿರುವ ಬಾಲ್ ಪೈಥಾನ್ ಇವೆಲ್ಲ ಇದರ ರೋಗಿಗಳು. ಕಾಡುಮೇಡಿನ ಹಾವಿಗೂ ಚರ್ಮರೋಗ ಬರುವುದುಂಟು. ಆದರೆ ವೈದ್ಯರ ಮುಂದೆ ಬರುವ ಹುಣ್ಣುಗಳಲ್ಲಿ ಬಹುಪಾಲು ಸೆರೆಯಲ್ಲೇ ಹುಟ್ಟಿದವು. ಆದ್ದರಿಂದ ಹಾವನ್ನು ಎಲ್ಲಿ ಇಟ್ಟರು, ಹೇಗೆ ಇಟ್ಟರು ಎಂಬ ಕಥೆಯಿಂದ ಈ ಚಿಕಿತ್ಸೆಯ ಇತಿಹಾಸವನ್ನು ಬೇರ್ಪಡಿಸಲಾಗದು.

ರೋಗದ ಬಗೆ

ಹಾವಿನ ಮೈಯನ್ನು ಮುಚ್ಚಿರುವುದು ಕೆರಾಟಿನ್‌ನಿಂದಾದ ಹುರುಪೆಗಳು. ಹುರುಪೆ ಗಟ್ಟಿ, ಎರಡು ಹುರುಪೆಗಳ ನಡುವಿನ ಚರ್ಮ ಮಾತ್ರ ತೆಳು, ಮೆತ್ತಗೆ. ಒದ್ದೆಯಾದ, ಹೊಲಸು ತುಂಬಿದ ನೆಲದ ಮೇಲೆ ದಿನಗಟ್ಟಲೆ ಮಲಗಿದ ಹಾವಿನಲ್ಲಿ ಸೋಂಕು ಈ ಸಂದುಗಳಿಂದಲೇ ಒಳನುಗ್ಗುತ್ತದೆ. ಮೊದಲು ಹೊಟ್ಟೆಯಡಿಯ ಅಗಲ ಹುರುಪೆಗಳು ಕೆಂಪಾಗುತ್ತವೆ, ಆಮೇಲೆ ನೀರುಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಹುರುಪೆ ಕೊಳೆಯುತ್ತದೆ. ಏರೋಮೊನಾಸ್, ಸ್ಯೂಡೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿಂದ ರಕ್ತಕ್ಕೆ ಸೇರಿದರೆ ಇಡೀ ಮೈ ನಂಜೇರಿ ಹಾವು ಸಾಯುತ್ತದೆ. ತೀರ ಒಣಗಿದ ಗಾಳಿಯೂ ಕೇಡೇ. ಆರೋಗ್ಯವಂತ ಹಾವು ಮೂತಿಯಿಂದ ಬಾಲದವರೆಗೆ ಪೊರೆಯನ್ನು ಒಂದೇ ತುಂಡಾಗಿ ಬಿಡುತ್ತದೆ. ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಮೈಗೆ ಅಂಟಿ ಉಳಿಯುತ್ತದೆ. ಬಾಲದ ತುದಿಯಲ್ಲಿ ಉಳಿದ ಪೊರೆ ಬಿಗಿದು ರಕ್ತದ ಓಡಾಟವನ್ನೇ ತಡೆಯಬಲ್ಲದು. ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ, ಪಾರದರ್ಶಕ ಹುರುಪೆಯೊಂದೇ ಹೊದಿಕೆ. ಅದರ ಮೇಲೆ ಉಳಿದ ಪೊರೆಯನ್ನು ಅರಿಯದವರು ಚಿವುಟಿ ತೆಗೆಯಲು ಹೋಗಿ ಕಣ್ಣನ್ನೇ ಹಾಳುಮಾಡಿದ್ದಿದೆ.

ಕನ್ನಡ ನಾಡಿನ ಹಿನ್ನೆಲೆ

ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಹಳೆಯದು. ಕೀರ್ತಿವರ್ಮನ ‘ಗೋವೈದ್ಯ’ ದನಗಳ ರೋಗವನ್ನು ಕುರಿತದ್ದು. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯ ದೊಡ್ಡ ಗ್ರಂಥ. ಅದರ ಕಾಳಜಿ ಹಾವು ಕಡಿದ ಮನುಷ್ಯನದು. ಹಾವು ಮತ್ತು ಚರ್ಮರೋಗದ ನಂಟನ್ನು ನಮ್ಮ ಜನಜೀವನ ಬಹಳ ಗಟ್ಟಿಯಾಗಿ ಹಿಡಿದುಕೊಂಡಿದೆ, ಆದರೆ ಒಂದೇ ದಿಕ್ಕಿನಲ್ಲಿ. ತೊನ್ನು, ಕುಷ್ಠ, ಮಾಯದ ಹುಣ್ಣು ಬಂದರೆ ನಾಗದೋಷ ಎನ್ನುವುದುಂಟು. ಹರ್ಪಿಸ್ ಕುಲದ ವೈರಸ್ಸಿನಿಂದ ಬರುವ ಬೊಕ್ಕೆಗಳಿಗೆ ಸರ್ಪಸುತ್ತು ಎಂದೇ ಹೆಸರು. ಮಣ್ಣುಮುಕ್ಕ ಹಾವು ನೆಕ್ಕಿದರೆ ತೊನ್ನು ಬರುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಈ ನಂಬಿಕೆಗಳು ಯಾವುವೂ ನಿಜವಲ್ಲ. ಹಾವಿನಿಂದ ಮನುಷ್ಯನ ಚರ್ಮಕ್ಕೆ ಆಗದ ಕೇಡನ್ನು ಹಾವಿನ ತಲೆಗೆ ಕಟ್ಟಿದ ನಾವು, ಮನುಷ್ಯನಿಂದ ಹಾವಿನ ಚರ್ಮಕ್ಕೆ ಆಗುತ್ತ ಬಂದ ಕೇಡನ್ನು ನೋಡಲಿಲ್ಲ.

ಆ ಕೇಡಿನ ಮೊದಲ ತಾಣ ಹಾವಾಡಿಗನ ಬುಟ್ಟಿ. ವಿಜಯಪುರ ಜಿಲ್ಲೆಯ ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯನ್ನೇ ಉದಾಹರಣೆಯಾಗಿ ನೋಡಬಹುದು. ಅದರ ಸುತ್ತಮುತ್ತ ಮಳೆ ಕಡಿಮೆ. ಜೋಳದ ಹೊಲ, ದ್ರಾಕ್ಷಿ ತೋಟಗಳ ಒಣ ಸೀಮೆ. ನಾಗರ, ಕೊಳಕುಮಂಡಲ, ಕೆರೆಹಾವು, ಮಣ್ಣುಮುಕ್ಕಗಳಿಗೆ ಒಗ್ಗಿದ ನೆಲವಿದು. ಬಿರುಕುಬಿಟ್ಟ ಎರೆಯಲ್ಲಿ, ಹುತ್ತದಲ್ಲಿ, ಕಲ್ಲಿನ ಒಡ್ಡಿನಲ್ಲಿ ತನಗೆ ಬೇಕಾದ ಬಿಸಿ, ತಂಪು, ತೇವವನ್ನು ಹಾವು ತಾನೇ ಹುಡುಕಿಕೊಳ್ಳುತ್ತದೆ. ನಾಗರ ಪಂಚಮಿಯಲ್ಲಿ ಇಲ್ಲಿಯ ಹೆಣ್ಣುಮಕ್ಕಳು ಹಾಲೆರೆಯುವುದು ಮಣ್ಣಿನ ನಾಗಪ್ಪನಿಗೆ, ಕಲ್ಲಿಗೆ, ಹುತ್ತಕ್ಕೆ. ಅದರಿಂದ ಯಾವ ಹಾವಿಗೂ ಗಾಯವಿಲ್ಲ. ತೊಂದರೆಯಾದದ್ದು ಜೀವಂತ ನಾಗರವನ್ನು ಮನೆಬಾಗಿಲಿಗೆ ತರುವ ರೂಢಿಯಲ್ಲಿ. ಹಬ್ಬಕ್ಕೆ ಮುಂಚೆ ಹಿಡಿದ ಹಾವಿನ ಹಲ್ಲು ಕಿತ್ತು, ಎಷ್ಟೋ ಸಲ ಬಾಯಿ ಹೊಲಿದು, ವಾರಗಟ್ಟಲೆ ನೀರು ಕೊಡದೆ ಬುಟ್ಟಿಯಲ್ಲಿ ಸುತ್ತಿಡುತ್ತಿದ್ದರು. ಬಾಯಾರಿದ ಹಾವು ಎದುರಿಗಿಟ್ಟ ಹಾಲನ್ನು ಕುಡಿಯುವುದು ಅದರಲ್ಲಿ ನೀರಿದೆ ಎಂದಷ್ಟೇ. ಹಾಲು ಅದಕ್ಕೆ ಜೀರ್ಣವಾಗದು. ಹೆಡೆಯ ಮೇಲೆ ಹಚ್ಚಿದ ಅರಿಸಿನ, ಕುಂಕುಮ ಕಣ್ಣಿಗೂ ಹುರುಪೆಯ ಸಂದಿಗೂ ಇಳಿಯುತ್ತದೆ. ಮೈಮೇಲೆ ಸುರಿದ ಹಾಲು ಬುಟ್ಟಿಯ ತಳದಲ್ಲಿ ಹುಳಿಯುತ್ತದೆ. ಬಾಯಿಯ ಹುಣ್ಣು, ಹೊಟ್ಟೆಯಡಿಯ ಕೊಳೆತ ಎರಡೂ ಕೂಡಿ ಇಂಥ ಹಾವುಗಳು ಹೆಚ್ಚು ದಿನ ಬಾಳುತ್ತಿರಲಿಲ್ಲ. ಗಡಿಯಾಚೆಯ ಸಾಂಗಲಿ ಜಿಲ್ಲೆಯ ಬತ್ತೀಸ್ ಶಿರಾಳೆ ಜೀವಂತ ನಾಗರಗಳ ಪಂಚಮಿಗೆ ಹೆಸರಾಗಿತ್ತು. ಬಾಂಬೆ ಹೈಕೋರ್ಟಿನ ಆದೇಶಗಳು ಅಲ್ಲಿಯ ಮೆರವಣಿಗೆಗೆ ತಡೆ ಹಾಕಿದವು.

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ರಕ್ಷಣೆ ಈಗ ನಮ್ಮ ನೆಲದ ಹಾವುಗಳಿಗಿದೆ. ಅವನ್ನು ಹಿಡಿಯುವುದು, ಸಾಕುವುದು, ಆಡಿಸುವುದು ಅಪರಾಧ. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಪುಂಗಿಯನ್ನೇ ನಂಬಿದ್ದ ಅಲೆಮಾರಿ ಕುಟುಂಬಗಳ ಅನ್ನಕ್ಕೆ ಈ ಕಟ್ಟುಪಾಡುಗಳು ಪೆಟ್ಟು ಕೊಟ್ಟವೆಂಬುದನ್ನು ಮರೆಯಬಾರದು. ಹಾವಿನ ನಡೆಯನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಬೇರೊಂದು ದಾರಿ ಸಾಧ್ಯವಿತ್ತು ಎಂಬುದಕ್ಕೆ ತಮಿಳುನಾಡಿನ ಇರುಳರು 1978ರಲ್ಲಿ ಕಟ್ಟಿದ ಹಾವು ಹಿಡಿಯುವವರ ಸಹಕಾರ ಸಂಘ ಸಾಕ್ಷಿ. ಅಲ್ಲಿ ಹಾವನ್ನು ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿ ಕೆಲವೇ ವಾರ ಇಟ್ಟು, ಔಷಧಕ್ಕಾಗಿ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಅದೇ ಹಾವನ್ನು ಮತ್ತೆ ಹಿಡಿಯದಂತೆ ಹೊಟ್ಟೆಯ ಹುರುಪೆಯನ್ನು ತುಸು ಕತ್ತರಿಸಿ ಗುರುತು ಮಾಡುತ್ತಾರೆ. ನಾಲ್ಕಾರು ಪೊರೆ ಕಳೆಯುವಷ್ಟರಲ್ಲಿ ಗುರುತು ಮಾಸುತ್ತದೆ.

ಚಿಕಿತ್ಸೆಯ ಬೆಳವಣಿಗೆ

ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೆಂದೇ ಒಂದು ಮನೆ ಕಟ್ಟಿತು. ಬೇರೆ ಬೇರೆ ಸೀಮೆಯ ಹಾವುಗಳು ಒಂದೇ ಸೂರಿನಡಿ ಸೇರಿದರೆ ಒಂದರ ನುಸಿ ಇನ್ನೊಂದಕ್ಕೆ ಹತ್ತುವುದು ಸುಲಭ. ಹುರುಪೆಯ ಸಂದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಕೂತು ರಕ್ತ ಹೀರುವ ಕರಿ ಚುಕ್ಕೆಯಂಥ ಹಾವಿನ ನುಸಿಯನ್ನು ವಿಜ್ಞಾನಿಗಳು 1844ರಲ್ಲೇ ವಿವರಿಸಿದ್ದರು. ಇಂದಿನ ಅದರ ವೈಜ್ಞಾನಿಕ ಹೆಸರು ಓಫಿಯೊನಿಸಸ್ ನ್ಯಾಟ್ರಿಸಿಸ್. ಅದು ರಕ್ತ ಹೀರುವುದಷ್ಟೇ ಅಲ್ಲದೆ ನಂಜಿನ ರೋಗವನ್ನು ಹಾವಿನಿಂದ ಹಾವಿಗೆ ದಾಟಿಸುತ್ತದೆ ಎಂದು ಅಮೆರಿಕದ ಜೆ. ಎಚ್. ಕಾಮಿನ್ 1948ರಲ್ಲಿ ತೋರಿಸಿದರು. ನುಸಿಯನ್ನು ಕೊಲ್ಲಲು ಪಂಜರದಲ್ಲಿ ಡೈಕ್ಲೋರ್‌ವಾಸ್ ಕೀಟನಾಶಕದ ಪಟ್ಟಿ ತೂಗುಹಾಕುವ ಕ್ರಮ ಬಂತು; ಅದರ ಹಬೆ ನುಸಿಯ ಜತೆಗೆ ಹಾವಿನ ನರಗಳಿಗೂ ಹಾನಿ ಮಾಡಬಲ್ಲದು. 1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂದ ಮೇಲೆ ಕೆಲಸ ಹಗುರಾಯಿತು. ಇದೇ ಮದ್ದು ಆಮೆಗಳಿಗೆ ಪ್ರಾಣಾಂತಕವೆಂದು 1983ರಲ್ಲಿ ವರದಿಯಾಯಿತು. ಕುರಿ, ದನಗಳಿಗೆಂದು ಹಳ್ಳಿಯ ಔಷಧದಂಗಡಿಯಲ್ಲಿ ಸಿಗುವ ಐವರ್‌ಮೆಕ್ಟಿನ್ನನ್ನು ಅಂದಾಜಿನ ಮೇಲೆ ಹಾವಿಗೆ ಚುಚ್ಚಬಾರದು ಎಂದು ವೈದ್ಯರು ಎಚ್ಚರಿಸುವುದು ಸುಮ್ಮನೆ ಅಲ್ಲ.

ಈ ಇತಿಹಾಸದ ಅತಿ ದೊಡ್ಡ ತಿರುವು ಔಷಧದಿಂದ ಬರಲಿಲ್ಲ, ಬಿಸಿಯಿಂದ ಬಂತು. 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ಏರೋಮೊನಾಸ್ ಬ್ಯಾಕ್ಟೀರಿಯಾ ಚುಚ್ಚಿ ಬೇರೆ ಬೇರೆ ತಾಪಮಾನದಲ್ಲಿಟ್ಟರು. ಬೆಚ್ಚಗಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು, ತಣ್ಣಗಿದ್ದವು ಸತ್ತವು. ಸರೀಸೃಪಕ್ಕೆ ಮೈಯೊಳಗೆ ಜ್ವರ ಏರಿಸಿಕೊಳ್ಳುವ ಶಕ್ತಿಯಿಲ್ಲ. ಅದು ಬಿಸಿಯ ಜಾಗಕ್ಕೆ ಹೋಗಿ ಜ್ವರವನ್ನು ತಂದುಕೊಳ್ಳುತ್ತದೆ. ಬುಟ್ಟಿಯಲ್ಲೋ ಡಬ್ಬಿಯಲ್ಲೋ ಕೂಡಿಹಾಕಿದ ಹಾವಿಗೆ ಆ ದಾರಿಯೂ ಮುಚ್ಚಿರುತ್ತದೆ. ಬಲವಾದ ಆ್ಯಂಟಿಬಯೋಟಿಕ್ ಕೊಟ್ಟರೂ ತಣ್ಣನೆಯ ಪೆಟ್ಟಿಗೆಯ ಹಾವು ಏಕೆ ಚೇತರಿಸಿಕೊಳ್ಳುವುದಿಲ್ಲ ಎಂಬ ಒಗಟು ಇಲ್ಲಿಗೆ ಬಹುಮಟ್ಟಿಗೆ ಬಗೆಹರಿಯಿತು. ಆದ್ದರಿಂದಲೇ ಹಾವಿನ ವೈದ್ಯರು ಮದ್ದಿಗೆ ಮುಂಚೆ ತಾಪಮಾಪಕ ಹಿಡಿಯುತ್ತಾರೆ.

1984ರಲ್ಲಿ ಬ್ರಿಟನ್ನಿನ ಸಂಶೋಧಕರು ಸೆಫ್ಟಾಜಿಡೀಮ್ ಎಂಬ ಆ್ಯಂಟಿಬಯೋಟಿಕ್ಕನ್ನು ಹಾವುಗಳಲ್ಲಿ ಪರೀಕ್ಷಿಸಿ, ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ 72 ಗಂಟೆಗೊಮ್ಮೆ ಸಾಕು ಎಂದು ಕಂಡುಕೊಂಡರು. ಇದೇ ಮದ್ದನ್ನು ಮನುಷ್ಯನಿಗೆ ದಿನಕ್ಕೆ ಎರಡು ಮೂರು ಸಲ ಕೊಡುತ್ತಾರೆ. ಹಾವಿನ ಒಡಲು ನಿಧಾನ. ಮದ್ದು ಕರಗುವುದೂ ನಿಧಾನ. 200 ಗ್ರಾಂ ತೂಗುವ ಮರಿ ಹೆಬ್ಬಾವಿಗೆ ಒಂದು ಸಲಕ್ಕೆ ಬೇಕಾಗುವುದು 4 ಮಿಲಿಗ್ರಾಂ ಮಾತ್ರ, ಹಾಗಾಗಿ ತೂಕ ನೋಡದೆ ಯಾರೂ ಸೂಜಿ ಎತ್ತಬಾರದು. ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾಯುವುದರಿಂದ ಇಂಜೆಕ್ಷನ್ನನ್ನು ಮೈಯ ಮುಂಭಾಗದ ಸ್ನಾಯುವಿಗೆ ಕೊಡುವುದು ವಾಡಿಕೆ. ಎನ್ರೊಫ್ಲಾಕ್ಸಸಿನ್ ಕೂಡ ಬಳಕೆಯಲ್ಲಿದೆ. ಆದರೆ ಅದು ಚುಚ್ಚಿದ ಜಾಗದ ಮಾಂಸವನ್ನೇ ಕೆಡಿಸಬಲ್ಲದು. ಹುಣ್ಣನ್ನು ತಿಳಿಯಾಗಿಸಿದ ಪೊವಿಡೋನ್ ಅಯೋಡಿನ್‌ನಿಂದ ತೊಳೆದು ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಹಚ್ಚುತ್ತಾರೆ, ನೆಲಕ್ಕೆ ಮಣ್ಣು ಮರಳಿನ ಬದಲು ದಿನವೂ ಬದಲಿಸುವ ಕಾಗದ ಹಾಸುತ್ತಾರೆ.

ಶಿಲೀಂಧ್ರದ ವಿಷಯ ಹೊಸದು. ಅಮೆರಿಕದ ಜಾರ್ಜಿಯಾದಲ್ಲಿ ಸೆರೆಯಲ್ಲಿದ್ದ ಒಂದು ಹಾವಿನ ಮೈಯಿಂದ ತೆಗೆದ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಶ್ರೀಕುಮಾರಿ ರಾಜೀವ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ವಿವರಿಸಿದರು; 2013ರಲ್ಲಿ ಅದಕ್ಕೆ ಓಫಿಡಿಯೊಮೈಸಿಸ್ ಎಂಬ ಕುಲನಾಮ ಬಂತು. ಅಷ್ಟರೊಳಗೆ ಅದೇ ದೇಶದ ಕಾಡಿನ ಬುಡುಬುಡಿಕೆ ಹಾವುಗಳಲ್ಲಿ ಮುಖ ಊದಿ, ಹುರುಪೆ ಕಂದಿ ಸಾಯುವ ರೋಗ ಕಂಡಿತ್ತು. 2017ರಲ್ಲಿ ಯುರೋಪಿನ ಕಾಡುಹಾವುಗಳಲ್ಲೂ ಈ ಶಿಲೀಂಧ್ರ ಸಿಕ್ಕ ವರದಿ ಬಂತು. ಸೋಂಕು ತಗಲಿದ ಹಾವು ಪದೇಪದೇ ಪೊರೆ ಬಿಡುತ್ತದೆ. ಟರ್ಬಿನಾಫಿನ್ ಮದ್ದನ್ನು ಹಬೆಯಾಗಿ ಕೊಡುವ ವಿಧಾನವನ್ನು ಪ್ರಯೋಗಿಸಿದ್ದಾರೆ. ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಾಕಿದ ವಿದೇಶಿ ಹಾವನ್ನು ಬೇಸರವಾಯಿತೆಂದು ಹೊಲದಲ್ಲಿ ಬಿಡುವುದು ಎಷ್ಟು ದೊಡ್ಡ ತಪ್ಪೆಂದು ಇದರಿಂದ ತಿಳಿಯಬೇಕು. ಬಿಟ್ಟದ್ದು ಹಾವೊಂದನ್ನೇ ಆಗಿರುವುದಿಲ್ಲ.

ಕರ್ನಾಟಕದಲ್ಲಿ ಇಂದು

1892ರಲ್ಲಿ ಆರಂಭವಾದ ಮೈಸೂರು ಮೃಗಾಲಯ, ಬನ್ನೇರುಘಟ್ಟ ಜೈವಿಕ ಉದ್ಯಾನ, 1958ರಲ್ಲಿ ಶುರುವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇವುಗಳ ವೈದ್ಯರಿಗೆ ಹಾವು ಅಪರಿಚಿತ ರೋಗಿಯಲ್ಲ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ನಡೆಸುವ ವನ್ಯಜೀವಿ ಆಸ್ಪತ್ರೆಗೆ ನಗರದ ಗಾಯಾಳು ಹಾವುಗಳು ಬರುತ್ತವೆ. ಇಂಥ ಕಡೆ ಬರುವ ಹಾವುಗಳ ಗಾಯಕ್ಕೆ ನೈಲಾನ್ ಬಲೆ, ಇಲಿ ಹಿಡಿಯುವ ಅಂಟುಹಲಗೆ, ಸಲಿಕೆಯ ಏಟು ಮುಖ್ಯ ಕಾರಣ. ವಿಜಯಪುರದಂಥ ಜಿಲ್ಲೆಯ ಪಶುವೈದ್ಯರ ದಿನದ ಕೆಲಸ ಎತ್ತು, ಎಮ್ಮೆ, ಆಡು, ಕುರಿಗಳದು. ಬಲೆಗೆ ಸಿಕ್ಕಿ ಮೈ ಕೊಯ್ದುಕೊಂಡ ಕೆರೆಹಾವು ಬಿಜ್ಜರಗಿಯ ತೋಟದಲ್ಲಿ ಕಂಡರೆ ಮಾಡಬೇಕಾದದ್ದು ಅರಣ್ಯ ಇಲಾಖೆಗೆ ತಿಳಿಸುವುದು. ಅರಿಸಿನ, ಸೀಮೆಎಣ್ಣೆ, ಬೂದಿ ಯಾವುದನ್ನೂ ಹಚ್ಚಬಾರದು. ಅಂಟಿದ ಬಲೆಯನ್ನು ಎಳೆಯಲೂಬಾರದು.

ಮಣ್ಣುಮುಕ್ಕದ ಪಾಡು ಬೇರೆ. ಎರಡು ತಲೆ ಹಾವು ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂಬ ಮೂಢನಂಬಿಕೆ ಇದನ್ನು ಲಕ್ಷಗಳ ಮಾತಿನ ಸರಕಾಗಿಸಿದೆ. ಒಣ ಮರಳಿನಲ್ಲಿ ಹುದುಗಿ ಬಾಳುವ ಈ ಸಾಧು ಪ್ರಾಣಿಯನ್ನು ಗೋಣಿಚೀಲದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಚ್ಚಿಟ್ಟು ಕೊಳ್ಳುವವರಿಗಾಗಿ ಕಾಯುತ್ತಾರೆ. ಅದರ ಮೈಯಲ್ಲಿ ಏಳುವ ಗುಳ್ಳೆಗೆ ಕಾರಣ ಆ ಡಬ್ಬಿಯ ತೇವ, ಬೇರೇನೂ ಅಲ್ಲ.

ಸಾಕುವವರ ಒಲವು ಈಗ ವಿದೇಶಿ ಹಾವುಗಳತ್ತ ತಿರುಗಿದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗಗಳು ಸಿಕ್ಕವು. 2024ರ ಏಪ್ರಿಲಿನಲ್ಲಿ 10 ಹಳದಿ ಅನಕೊಂಡಗಳು. ಹೀಗೆ ಮುದುರಿ ಬಂದ ಹಾವು ನುಸಿಯನ್ನೂ ಸೋಂಕನ್ನೂ ಹೊತ್ತು ತಂದಿರುವ ಸಾಧ್ಯತೆ ದೊಡ್ಡದು. ವಿದೇಶಿ ಪ್ರಾಣಿಗಳನ್ನು ಸಾಕಿದವರು ತಾವಾಗಿಯೇ ಘೋಷಿಸಿಕೊಳ್ಳುವ ಅವಕಾಶವನ್ನು ಕೇಂದ್ರ ಪರಿಸರ ಸಚಿವಾಲಯ 2020ರಲ್ಲಿ ಕೊಟ್ಟಿತು. 2022ರ ಕಾಯ್ದೆ ತಿದ್ದುಪಡಿಯ ಬಳಿಕ 2024ರಲ್ಲಿ ಬಂದ ನಿಯಮಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯಮಾಡಿದವು. ನೋಂದಣಿಯಿಲ್ಲದವರು ವೈದ್ಯರ ಬಳಿ ಹೋಗಲು ಅಂಜುತ್ತಾರೆ, ಹುಣ್ಣು ನಂಜಾಗುವವರೆಗೆ ಮುಚ್ಚಿಡುತ್ತಾರೆ. ಕಾಗದಪತ್ರ ಸರಿಯಿರುವುದು ಹಾವಿನ ಆರೋಗ್ಯಕ್ಕೂ ಬೇಕು.

ಬಾಲ್ ಪೈಥಾನ್ ಆಫ್ರಿಕದ ಹಾವು. ಪೆಟ್ಟಿಗೆಯ ಒಂದು ತುದಿ ಸುಮಾರು 32, ಇನ್ನೊಂದು 26 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿಯಲ್ಲಿ ಹದವಾದ ತೇವವಿದ್ದರೆ ಅದು ಸುಖವಾಗಿರುತ್ತದೆ. ವಿಜಯಪುರದ ಏಪ್ರಿಲ್, ಮೇ ಬಿಸಿಲು 40 ದಾಟುತ್ತದೆ, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆಗ ಪೊರೆ ಅಂಟುವ ತೊಂದರೆ ಹೆಚ್ಚು. ಅದಕ್ಕೆ ಹೆದರಿ ಪೆಟ್ಟಿಗೆಯನ್ನೆಲ್ಲ ನೆನೆಸಿಟ್ಟರೆ ಹೊಟ್ಟೆ ಕೊಳೆಯುತ್ತದೆ. ಒದ್ದೆ ಪಾಚಿ ತುಂಬಿದ ಒಂದು ಸಣ್ಣ ಅಡಗುಡಬ್ಬಿ ಇಟ್ಟು ಉಳಿದ ನೆಲವನ್ನು ಒಣಗಿಸಿಡುವುದು ಸಾಕಿ ಬಲ್ಲವರು ಕಂಡುಕೊಂಡ ಉಪಾಯ. ಹಾವನ್ನು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು, ಏಕೆಂದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಾವಿನಿಂದ ಮಕ್ಕಳಿಗೆ ದಾಟಬಲ್ಲದು. ವಾಸಿಯಾಯಿತೋ ಇಲ್ಲವೋ ಎಂಬುದನ್ನು ಹುಣ್ಣು ಒಣಗಿದ್ದನ್ನು ನೋಡಿ ತೀರ್ಮಾನಿಸುವುದಿಲ್ಲ. ಮುಂದಿನ ಪೊರೆ ಹರಿಯದೆ ಬಂದು, ಅದರಡಿಯ ಹೊಸ ಹುರುಪೆಯಲ್ಲಿ ಕೆಂಪು ಕಾಣದಿದ್ದರೆ ಮದ್ದು ನಿಲ್ಲಿಸುತ್ತಾರೆ. ರಕ್ಷಿಸಿ ತಂದ ನಾಡಹಾವಾದರೆ ಬಿಡುಗಡೆಯ ಮಾತು ಆಮೇಲೆಯೇ.