ತುಳುನಾಡಿನಲ್ಲಿ ಬೆಂಕಿಯ ಕಟ್ಟಳೆ: ಕಾವೂರಿನ ಸುತ್ತಣ ಒಂದು ವಿಚಾರ

ಮಂಗಳೂರಿನ ಉತ್ತರಭಾಗದಲ್ಲಿ, ಗುರುಪುರ ಹೊಳೆಗೆ ಸಮೀಪವಾಗಿ, ಮುರಕಲ್ಲಿನ ಪದವುಗಳ ಮತ್ತು ಗದ್ದೆಬೈಲುಗಳ ನಡುವೆ ಇರುವ ಕಾವೂರು ಇಂದು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿಹೋಗಿದ್ದರೂ ಅದರ ನೆಲದ ಲಕ್ಷಣವು ಹಳ್ಳಿಯದೇ. ಮಹಾಲಿಂಗೇಶ್ವರ ದೇವಾಲಯ, ಕೆರೆ, ತೆಂಗಿನ ತೋಟ, ಬೇಸಗೆಯಲ್ಲಿ ಒಣಗಿ ನಿಲ್ಲುವ ಮುಳಿಹುಲ್ಲಿನ ಗುಡ್ಡ ಇವೆಲ್ಲವೂ ಅಲ್ಲಿ ಮೊದಲಿನಿಂದ ಇದ್ದುವು. ಪಕ್ಕದ ಪದವಿನಂಗಡಿಯ ಹೆಸರೇ ಒಂದು ಕಾಲಕ್ಕೆ ಆ ಎತ್ತರದ ಬಯಲು ಹೇಗಿದ್ದಿತೆಂಬುದನ್ನು ಸಾರುತ್ತದೆ. ಕಾವು ಎಂಬ ಶಬ್ದಕ್ಕೆ ಬಿಸುಪೆಂದೂ ಕಾಯುವಿಕೆಯೆಂದೂ ಅರ್ಥಗಳಿರುವುದರಿಂದ ಕಾವೂರಿಗೂ ಬೆಂಕಿಗೂ ಸಂಬಂಧ ಕಲ್ಪಿಸುವುದಕ್ಕೆ ಶಬ್ದಪ್ರಿಯರು ಮುಂದಾಗಬಹುದು. ಊರಹೆಸರಿನ ಮೇಲೆ ಚರಿತ್ರೆಯ ಮಾಳಿಗೆಯನ್ನು ಕಟ್ಟುವುದು ಸಾಧುವಲ್ಲ. ಬೆಂಕಿಯನ್ನು ಎಲ್ಲಿ, ಯಾವಾಗ, ಯಾರು ಹಚ್ಚಬಹುದೆಂಬ ಪ್ರಶ್ನೆಗೆ ಇಂತಹ ಊರುಗಳಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಪರಿಶೀಲಿಸುವುದಷ್ಟೇ ಪ್ರಕೃತದ ಉದ್ದೇಶ.

ಬೆಂಕಿಯ ಕಾನೂನು ಆಂಗ್ಲರ ಆಳ್ವಿಕೆಯೊಡನೆ ಬಂದಿತು, ತತ್ಪೂರ್ವದಲ್ಲಿ ಹಳ್ಳಿಗರು ಮನಬಂದಂತೆ ಸುಡುತ್ತಿದ್ದರು ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಉಂಟು. ಇದು ನಿಲ್ಲತಕ್ಕುದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಗರಿಕಪ್ರಣಿಧಿಯಲ್ಲಿ ಅಗ್ನಿಪ್ರತೀಕಾರದ ವಿಧಿಗಳು ವಿಸ್ತಾರವಾಗಿಯೇ ಇವೆ. ಗ್ರೀಷ್ಮದಲ್ಲಿ ಹಗಲನ್ನು ನಾಲ್ಕು ಭಾಗಮಾಡಿ ನಡುವಿನ ಎರಡು ಭಾಗಗಳಲ್ಲಿ ಒಲೆ ಹಚ್ಚಕೂಡದು. ಹಚ್ಚಿದವನಿಗೆ ಪಣದ ಎಂಟರಲ್ಲೊಂದು ಪಾಲು ದಂಡ. ಅಡಿಗೆ ಮಾಡಲೇಬೇಕಾದರೆ ಮನೆಯ ಹೊರಗೆ ಮಾಡತಕ್ಕುದು. ಐದು ನೀರಿನ ಕೊಡಗಳು, ಹಂಡೆ, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಮುಂತಾದುವು ಮನೆಯಲ್ಲಿ ಇಲ್ಲದಿದ್ದರೆ ಕಾಲು ಪಣ. ಹುಲ್ಲಿನ ಮತ್ತು ಚಾಪೆಯ ಹೊದಿಕೆಗಳನ್ನು ತೆಗೆಸತಕ್ಕುದು. ಕಮ್ಮಾರಾದಿ ಬೆಂಕಿಯಿಂದ ಜೀವಿಸುವವರನ್ನು ಒಂದೆಡೆ ನೆಲೆಗೊಳಿಸತಕ್ಕುದು. ಬೆಂಕಿ ಬಿದ್ದಾಗ ನಂದಿಸಲು ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು. ಅಜಾಗ್ರತೆಯಿಂದ ಬೆಂಕಿ ಹತ್ತಿಸಿದವನಿಗೆ ಐವತ್ತನಾಲ್ಕು ಪಣ; ಬೇಕೆಂದು ಹಚ್ಚಿದವನಿಗೆ ಬೆಂಕಿಯಲ್ಲಿಯೇ ಮರಣ. ಇವು ಪಟ್ಟಣದ ವಿಧಿಗಳೆಂದು ಆಕ್ಷೇಪಿಸಬಹುದು. ಆದರೆ ದೈವಪೀಡೆಗಳ ಪರಿಹಾರವನ್ನು ಹೇಳುವ ನಾಲ್ಕನೆಯ ಅಧಿಕರಣದಲ್ಲಿ ಗ್ರೀಷ್ಮದಲ್ಲಿ ಹೊರಗೆ ಅಡಿಗೆ ಮಾಡುವ ನಿಯಮವು ಗ್ರಾಮಗಳಿಗೇ ಹೇಳಲ್ಪಟ್ಟಿದೆ.

ಇಲ್ಲಿ ಗಮನಿಸತಕ್ಕುದು ದಂಡಗಳ ತಾರತಮ್ಯ. ಅಜಾಗ್ರತೆಗೂ ದುರುದ್ದೇಶಕ್ಕೂ ಶಾಸ್ತ್ರಕಾರನು ಅಜಗಜಾಂತರವನ್ನಿಟ್ಟಿರುವನು. ನೆರೆಯವನ ಮನೆ ಉರಿಯುವಾಗ ಸುಮ್ಮನೆ ಕುಳಿತವನನ್ನೂ ಬಿಟ್ಟಿಲ್ಲ. ಯಾಜ್ಞವಲ್ಕ್ಯಸ್ಮೃತಿಯು ಹೊಲ, ಮನೆ, ವನ, ಗ್ರಾಮ, ಹುಲ್ಲುಗಾವಲು, ಕಣ ಇವುಗಳನ್ನು ಸುಟ್ಟವರಿಗೆ ಕಟಾಗ್ನಿಯ ಶಿಕ್ಷೆಯನ್ನು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಕನ್ನಡನಾಡಿನವನು; ಆತನು ಇಲ್ಲಿನ ಕ್ಷೇತ್ರಶಬ್ದಕ್ಕೆ ಫಲಪಕ್ವವಾದ ಪೈರಿನಿಂದ ಕೂಡಿದ ಹೊಲವೆಂದು ಅರ್ಥಮಾಡುತ್ತಾನೆ. ಎಂದರೆ ಬರಿಯ ನೆಲವನ್ನು, ಕೊಯ್ದ ಕೂಳೆಯನ್ನು ಸುಡುವ ಒಕ್ಕಲಿಗನು ಈ ಶಿಕ್ಷೆಗೆ ಒಳಗಾಗನು. ಬೆಂಕಿಯು ಅಪರಾಧವಲ್ಲ, ಬೆಂಕಿಯಿಂದಾದ ಕೇಡು ಅಪರಾಧ ಎಂಬುದು ಶಾಸ್ತ್ರದ ನಿಲುವೆಂದು ಹೇಳಲು ಇಷ್ಟು ಸಾಕು. ಶಿಕ್ಷೆಯ ಕ್ರೌರ್ಯವನ್ನು ಸಮರ್ಥಿಸುವ ಅಗತ್ಯವಿಲ್ಲ. ಅದರ ವಿಷಯವಿಭಾಗವು ಸೂಕ್ಷ್ಮವಾಗಿತ್ತೆಂಬುದು ಮಾತ್ರ ನಿಜ.

ತುಳುನಾಡಿನ ಹಳ್ಳಿಯಲ್ಲಿ ಈ ಗ್ರಂಥಗಳನ್ನು ಓದಿ ಯಾರೂ ಒಲೆ ಹಚ್ಚಲಿಲ್ಲ. ಆದರೂ ಆಚಾರದಲ್ಲಿ ಅದೇ ವಿವೇಕವು ಕಂಡುಬರುತ್ತದೆ. ಸುಡುಮಣ್ಣಿನ ಪದ್ಧತಿಯನ್ನು ನೋಡಬಹುದು. ಮಾಘ ಫಾಲ್ಗುಣಗಳಲ್ಲಿ ಗುಡ್ಡದಿಂದ ಗುಡಿಸಿ ತಂದ ತರಗೆಲೆ, ಕಡ್ಡಿಕಸ, ಹುಲ್ಲುಬೇರಿನ ಹೆಂಟೆ ಇವುಗಳನ್ನು ಪದರಪದರವಾಗಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಬುಡದಲ್ಲಿ ಕಿಡಿಯಿಟ್ಟರೆ ರಾಶಿಯು ಜ್ವಾಲೆಯಿಲ್ಲದೆ ಒಳಗೊಳಗೇ ದಿನಗಟ್ಟಲೆ ಬೇಯುತ್ತದೆ. ಆ ಬೆಂದ ಮಣ್ಣು ತೆಂಗಿನ ಬುಡಕ್ಕೂ ತರಕಾರಿಯ ಸಾಲಿಗೂ ಗೊಬ್ಬರ. ಉರಿ ಮೇಲೆದ್ದರೆ ಗೊಬ್ಬರವೂ ಕೆಟ್ಟಿತು, ಗುಡ್ಡಕ್ಕೂ ಅಪಾಯ. ಆದುದರಿಂದ ಬಲ್ಲವರು ಮಣ್ಣು ಬಿರಿದಲ್ಲಿ ಮತ್ತೆ ಮಣ್ಣು ಹಾಕುತ್ತ ಕಾಯುವರು. ಕರಾವಳಿಯಲ್ಲಿ ಹೊತ್ತೇರುತ್ತಲೇ ಕಡಲಗಾಳಿ ಬೀಸತೊಡಗಿ ಅಪರಾಹ್ಣದಲ್ಲಿ ಬಲವಾಗುವುದರಿಂದ ಬೆಳಗಿನ ಜಾವವೋ ಗಾಳಿ ತಗ್ಗಿದ ಸಂಜೆಯೋ ಕಿಡಿಯಿಡಲು ತಕ್ಕ ಹೊತ್ತು. ಕೌಟಿಲ್ಯನು ಹಗಲಿನ ನಡುವಿನ ಎರಡು ಭಾಗಗಳನ್ನು ನಿಷೇಧಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಬೇಕಾಗಿಲ್ಲ. ಬೈಹುಲ್ಲಿನ ಕುತ್ತರಿಯನ್ನು ಅಡಿಗೆಮನೆಯಿಂದ ದೂರವಿಡುವುದು, ಬೇಸಗೆಯಲ್ಲಿ ಅಂಗಳವನ್ನು ಸೆಗಣಿ ಸಾರಿಸಿ ಕಸವಿಲ್ಲದಂತಿಡುವುದು ಮುಂತಾದುವು ಇದೇ ಜಾತಿಯವು. ಕಟೀಲಿನ ಜಾತ್ರೆಯಲ್ಲಿ ಅತ್ತೂರು ಮತ್ತು ಕೊಡೆತ್ತೂರಿನವರು ಉರಿಯುವ ತೂಟೆಗಳನ್ನು ಒಬ್ಬರಮೇಲೊಬ್ಬರು ಎಸೆಯುವ ಅಗ್ನಿಕೇಳಿಯೂ ಹೊರಗಿನವನಿಗೆ ಹುಚ್ಚಾಟವೆಂದು ತೋರಿದರೂ, ಯಾರು ಎಸೆಯಬೇಕು, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎಂಬ ಕಟ್ಟಳೆಗೆ ಒಳಪಟ್ಟಿರುವುದು.

ಇನ್ನು ಕುಮರಿಯ ವಿಚಾರ. ಈ ಲೇಖನದ ಹುರುಳು ಇದರಲ್ಲಿಯೇ ಇದೆ. ಬೆಟ್ಟದ ಇಳಿಜಾರಿನಲ್ಲಿ ಮಳೆ ಹಿಂದೆಸರಿದ ಮೇಲೆ ಗಿಡಮರಗಳನ್ನು ಕಡಿದು ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಬೂದಿಯ ಮೇಲೆ ರಾಗಿ, ಬೆಟ್ಟದ ಬತ್ತ, ತೊಗರಿ, ಹರಳು ಮೊದಲಾದುವನ್ನು ಬಿತ್ತಿ, ಒಂದೆರಡು ಬೆಳೆ ತೆಗೆದು, ಕಾಡು ಮರಳಿ ಬೆಳೆಯುವುದಕ್ಕೆ ಹಲವು ವರ್ಷ ಬಿಟ್ಟುಬಿಡುವ ಬೇಸಾಯಕ್ಕೆ ಕುಮರಿಯೆಂದು ಹೆಸರು. ತುಳುವಿನಲ್ಲಿ ಇದು ಕುಮೇರು. ಈ ಹೆಸರಿನ ಮನೆಗಳೂ ಜಾಗಗಳೂ ಜಿಲ್ಲೆಯಲ್ಲಿ ಇಂದಿಗೂ ಇರುವುದರಿಂದ ಘಟ್ಟದಿಂದ ಈಚೆಗೂ ಈ ಬೇಸಾಯವು ಹಬ್ಬಿದ್ದಿತೆಂದು ಊಹಿಸಬಹುದು. ಮಲೆಕುಡಿಯರು, ಕುಡುಬಿಯರು, ಮರಾಟಿಗಳು ಇದನ್ನು ಮುಖ್ಯವಾಗಿ ಮಾಡುತ್ತಿದ್ದವರು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡಜಿಲ್ಲೆಯು ಕುಂಪಣಿಯ ವಶವಾದಾಗ ಈ ಬೇಸಾಯವು ರೂಢಮೂಲವಾಗಿತ್ತು. ೧೮೦೧ರಲ್ಲಿ ಇತ್ತ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ೧೮೦೭ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಪ್ರವಾಸಗ್ರಂಥದಲ್ಲಿ ಇದನ್ನು ವರ್ಣಿಸಿರುವನು. ಸರಕಾರದ ಕಾಡಿನಲ್ಲಿ ಮಾಡುವುದು ಸರಕಾರಿ ಕುಮರಿಯೆಂದೂ, ವರ್ಗದಾರರ ಹಿಡುವಳಿಗೆ ಸೇರಿದುದು ವರ್ಗಕುಮರಿಯೆಂದೂ ಎರಡು ಬಗೆಗಳಾದುವು. ಎರಡನೆಯದು ಅಂದಿನ ಬೇಕಲ ತಾಲೂಕಿನಲ್ಲಿ, ಎಂದರೆ ಈಗಿನ ಕಾಸರಗೋಡಿನ ಕಡೆಯಲ್ಲಿ, ಹೆಚ್ಚು.

೧೮೫೬ರಲ್ಲಿ ಮದರಾಸು ಆಧಿಪತ್ಯದಲ್ಲಿ ಅರಣ್ಯಶಾಖೆಯು ಸ್ಥಾಪಿತವಾಗಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನು ಅದರ ಮುಖ್ಯಸ್ಥನಾದನು. ಮೊದಲು ಶಿವಮೊಗ್ಗೆಯಲ್ಲಿದ್ದು ಮಲೆನಾಡನ್ನು ಕಂಡಿದ್ದ ಈತನು ಕುಮರಿಯನ್ನು ಬಲವಾಗಿ ವಿರೋಧಿಸಿದನು. ಬೆಲೆಬಾಳುವ ಮರವು ಬೂದಿಯಾಗುತ್ತದೆ, ಒಂದೆರಡು ಬೆಳೆಗಾಗಿ ನೂರು ವರ್ಷದ ಕಾಡು ಹೋಗುತ್ತದೆ ಎಂಬುದು ಆ ಪಕ್ಷದ ವಾದ. ೧೮೬೦ರಲ್ಲಿ ಸರಕಾರವು ಅನುಮತಿಯಿಲ್ಲದೆ ಸರಕಾರಿ ಕಾಡುಗಳಲ್ಲಿ ಕುಮರಿ ಮಾಡಕೂಡದೆಂದು ತಡೆಯಿತು. ಅಲ್ಲಿಂದ ಮುಂದೆ ಕೆಲವೇ ಸ್ಥಳಗಳಲ್ಲಿ, ಅರಣ್ಯಾಧಿಕಾರಿಗಳ ಕಣ್ಣಿನಡಿಯಲ್ಲಿ, ಬಡ ಕಾಡುಜನರಿಗೆ ಮಾತ್ರ ಅದು ಉಳಿಯಿತು. ೧೮೮೨ರ ಮದರಾಸು ಅರಣ್ಯಕಾನೂನು ರಕ್ಷಿತಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನಲ್ಲದೆ ಬೆಂಕಿಯನ್ನು ಒಯ್ಯುವುದನ್ನೂ ದಂಡಾರ್ಹಮಾಡಿತು. ಚಕಮಕಿಯನ್ನು ಸೊಂಟದಲ್ಲಿಟ್ಟುಕೊಂಡು ಕಾಡಿನೊಳಗೆ ಬಾಳುತ್ತಿದ್ದವನು ಹೀಗೆ ಒಂದು ತಲೆಮಾರಿನೊಳಗೆ ರೈತನೆನಿಸುವ ಬದಲು ಅಪರಾಧಿಯೆನಿಸಿದನು.

ಕ್ಲೆಗ್‌ಹಾರ್ನನ ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಜನಸಂಖ್ಯೆ ಹೆಚ್ಚಿ ಬಿಡುವಿನ ವರ್ಷಗಳು ಕುಗ್ಗಿದಲ್ಲಿ ಕುಮರಿಯಿಂದ ಬೆಟ್ಟವು ಬೋಳಾಗುವುದು ನಿಶ್ಚಯ. ಆದರೆ ಆ ಕಾಡಿನ ಮರವನ್ನು ಆ ಕಾಲದಲ್ಲಿಯೇ ಹಡಗು, ರೈಲುದಾರಿಗಳು ಬೇಡುತ್ತಿದ್ದುವೆಂಬುದನ್ನು ಮರೆಯಲಾಗದು. ಕಡಿದು ಸಾಗಿಸಿದರೆ ಉತ್ಪತ್ತಿ, ಕಡಿದು ಸುಟ್ಟರೆ ನಾಶ ಎಂಬ ಲೆಕ್ಕವು ಬೊಕ್ಕಸದ ಲೆಕ್ಕ. ಧರ್ಮಶಾಸ್ತ್ರದ ಪ್ರಶ್ನೆ ಬೆಂಕಿಯಿಂದ ಯಾರಿಗೆ ಕೇಡಾಯಿತೆಂಬುದಾಗಿತ್ತು; ಹೊಸ ಕಾನೂನಿನ ಪ್ರಶ್ನೆ ಸುಟ್ಟ ಸೊತ್ತು ಯಾರದೆಂಬುದಾಯಿತು. ಕಾಡು ಸರಕಾರದ್ದೆಂದು ನಿರ್ಣಯವಾದ ಮೇಲೆ ಉಳಿದುದೆಲ್ಲವೂ ತಾನಾಗಿ ಹಿಂಬಾಲಿಸಿತು. ಕುಡುಬಿಯರು ಇಂದು ಗುರುಪುರ ಮೂಡುಬಿದಿರೆಗಳ ಕಡೆಯ ಪದವುಗಳಲ್ಲಿ ಕೃಷಿಕೂಲಿಗಳಾಗಿ ನೆಲೆಸಿರುವರು. ಹೋಳಿಯು ಅವರ ದೊಡ್ಡ ಹಬ್ಬ. ಕುಮರಿಗೆ ಬೆಂಕಿಯಿಡುವ ಕಾಲವೂ ಹೋಳಿಯ ಕಾಲವೂ ಒಂದೇ ಋತುವಿಗೆ ಸೇರಿರುವುದು ಆಕಸ್ಮಿಕವಿರಬಹುದು, ಆದರೂ ಸಂಶೋಧಕರು ನೋಡತಕ್ಕ ಅಂಶ.

ಕುಮರಿಯನ್ನೂ ಕುಮ್ಕಿಯನ್ನೂ ಕೆಲವರು ಒಂದೆಂದು ತಿಳಿಯುವರು, ಅದು ತಪ್ಪು. ಕುಮ್ಕಿಯೆಂಬುದು ಸಹಾಯವೆಂಬ ಅರ್ಥದ ಪಾರಸಿ ಮಾತಿನಿಂದ ಬಂದುದು. ಹಳೆಯ ವರ್ಗಭೂಮಿಯ ಎಲ್ಲೆಯಿಂದ ನೂರು ಗಜದವರೆಗಿನ ಸರಕಾರಿ ಪಾಳುನೆಲದಲ್ಲಿ ಸೊಪ್ಪು, ತರಗೆಲೆ, ಸೌದೆಗಳನ್ನು ಪಡೆಯುವ ವರ್ಗದಾರನ ಸವಲತ್ತು ಅದು. ಕಾವೂರಿನಂತಹ ಕರಾವಳಿಯ ಊರಿನಲ್ಲಿ ಬೆಂಕಿಯ ವ್ಯವಹಾರವು ಹೆಚ್ಚಾಗಿ ಈ ಕುಮ್ಕಿಯ ತರಗೆಲೆಯೊಡನೆಯೇ ನಡೆದುಬಂದಿತು. ಒಂದೇ ಸರಕಾರವು ನೆಲವುಳ್ಳವನ ಸುಡುಮಣ್ಣಿಗೆ ಸೊಪ್ಪನ್ನು ಬಿಟ್ಟುಕೊಟ್ಟು ನೆಲವಿಲ್ಲದವನ ಕುಮರಿಯನ್ನು ಅಳಿಸಿತೆಂಬುದು ಇಲ್ಲಿ ಗೋಚರವಾಗುತ್ತದೆ.

ಮನೆಯ ಮಾಡಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮುಳಿಹುಲ್ಲು ಮತ್ತು ಮಡಲಿನ ಮಾಡುಗಳೇ ಹಳ್ಳಿಯ ಬೆಂಕಿಯ ಮುಖ್ಯ ಆಹಾರ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಮತ್ತು ಇತರರೂ ಆ ದಾರಿ ಹಿಡಿದ ಮೇಲೆ, ಮಾಡುಗಳು ಕ್ರಮೇಣ ಕೆಂಪಾದುವು. ಕೌಟಿಲ್ಯನು ದಂಡದಿಂದ ಸಾಧಿಸಬೇಕೆಂದಿದ್ದುದನ್ನು ಹಂಚು ಸದ್ದಿಲ್ಲದೆ ಸಾಧಿಸಿತು. ಆ ಹಂಚನ್ನು ಬೇಯಿಸಿದ ಗೂಡುಗಳಿಗೆ ಸೌದೆಯು ಘಟ್ಟದ ತಪ್ಪಲಿನ ಕಾಡುಗಳಿಂದಲೇ ಬರುತ್ತಿದ್ದಿತೆಂಬುದು ಬೇರೆ ಮಾತು.

೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೩ರ ಅರಣ್ಯ ಅಧಿನಿಯಮವು ಹಳೆಯ ಮದರಾಸು ಕಾನೂನಿನ ನಿಷೇಧಗಳನ್ನು ಬಹುಮಟ್ಟಿಗೆ ಮುಂದುವರಿಸಿತು. ೧೮೬೦ರ ದಂಡಸಂಹಿತೆಯಲ್ಲಿ ಅಜಾಗ್ರತೆಯ ಬೆಂಕಿಗೆ ಆರು ತಿಂಗಳ ಸೆರೆ ಅಥವಾ ಸಾವಿರ ರೂಪಾಯಿ ದಂಡ ಇದ್ದುದು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಎರಡು ಸಾವಿರಕ್ಕೆ ಏರಿದೆ. ಬೆಂಕಿ ನಂದಿಸಲು ನೆರವಾಗಬೇಕೆಂಬ ವಿಧಿಯು ಅರಣ್ಯಕಾನೂನಿನಲ್ಲಿ ಕಾಡಿನಿಂದ ಲಾಭ ಪಡೆಯುವವರಿಗೆ ಮಾತ್ರ ಅನ್ವಯಿಸುವುದರಿಂದ ಕೌಟಿಲ್ಯನ ಹನ್ನೆರಡು ಪಣದಷ್ಟು ವ್ಯಾಪಕವಲ್ಲ.

ಆದರೆ ನಿಜವಾದ ಬದಲಾವಣೆಯು ಕಾನೂನಿನಲ್ಲಲ್ಲ, ಸುಡುವ ವಸ್ತುವಿನಲ್ಲಿ. ತರಗೆಲೆಯ ರಾಶಿಯೊಳಕ್ಕೆ ಪ್ಲಾಸ್ಟಿಕ್ ಸೇರಿದಂದಿನಿಂದ ಅದು ಸುಡುಮಣ್ಣಲ್ಲ, ವಿಷಧೂಮ. ೨೦೧೬ರ ಏಪ್ರಿಲಿನಲ್ಲಿ ಪ್ರಕಟವಾದ ಘನತ್ಯಾಜ್ಯ ನಿಯಮಗಳು ಬೀದಿ ಬಯಲುಗಳಲ್ಲಿ ಕಸ ಸುಡುವುದನ್ನು ನಿಷೇಧಿಸಿದುವು. ಅದೇ ವರ್ಷ ಡಿಸೆಂಬರ್ ೨೨ರಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು ಸಾಮಾನ್ಯವಾಗಿ ಸುಟ್ಟವನಿಗೆ ೫,೦೦೦ ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವನಿಗೆ ೨೫,೦೦೦ ರೂಪಾಯಿ ಪರಿಹಾರಧನವನ್ನು ವಿಧಿಸಿತು. ಅಂಗಳದ ಎಲೆಗೆ ಕಿಡಿಯಿಡುವ ಮುದುಕಿಗೂ ಚೀಲಗಟ್ಟಲೆ ಪ್ಲಾಸ್ಟಿಕ್ ಸುಡುವ ವರ್ತಕನಿಗೂ ಈ ವಿಧಿಯಲ್ಲಿ ಪ್ರಮಾಣದ ಭೇದವುಂಟೇ ಹೊರತು ವಸ್ತುವಿನ ಭೇದವಿಲ್ಲ. ಮಿತಾಕ್ಷರಾಕಾರನು ಒಂದು ಶಬ್ದದ ಮೇಲೆ ತೋರಿದ ವಿವೇಚನೆಯು ಇಲ್ಲಿಯೂ ಬೇಕಾಗಿತ್ತು.

ಕಾವೂರಿಗೆ ಅನತಿದೂರದ ಪಚ್ಚನಾಡಿಯಲ್ಲಿ ಮಂಗಳೂರಿನ ಕಸದ ಗುಡ್ಡವಿದೆ. ೨೦೧೯ರ ಆಗಸ್ಟಿನ ಮಳೆಯಲ್ಲಿ ಅದು ಕುಸಿದು ಕೆಳಗಿನ ಮಂದಾರದ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ೨೦೨೩ರ ಜನವರಿಯಲ್ಲಿ ಅದೇ ಗುಡ್ಡಕ್ಕೆ ಬೆಂಕಿ ಹಿಡಿಯಿತು. ಇಂತಹ ರಾಶಿಗಳಿಗೆ ಯಾರೂ ಕಿಡಿಯಿಡಬೇಕಾಗಿಲ್ಲ. ಗಾಳಿಯಿಲ್ಲದ ಒಡಲಿನಲ್ಲಿ ಹಸಿಕಸ ಕೊಳೆತು ಮೀಥೇನ್ ವಾಯುವೂ ಶಾಖವೂ ಹುಟ್ಟಿ, ಒಳಗೇ ಬೇಗೆಯೆದ್ದು, ಬಿರುಕಿನಲ್ಲಿ ಗಾಳಿ ಸೋಕಿದೊಡನೆ ಉರಿಯಾಗಿ ಹೊರಬೀಳುತ್ತದೆ. ಮೇಲೆ ಸುರಿದ ನೀರು ಬುಡಕ್ಕಿಳಿಯದು. ಅಗೆದು, ಹರಡಿ, ಮಣ್ಣು ಮುಚ್ಚಿ ಆರಿಸಬೇಕು. ಸುಡುಮಣ್ಣಿನ ರಾಶಿಯನ್ನು ರಾತ್ರಿಯೆಲ್ಲ ಕಾಯುತ್ತಿದ್ದ ಒಕ್ಕಲಿಗನಿಗೆ ಈ ಒಳಬೇಗೆಯ ಮರ್ಮವು ತಿಳಿದಿದ್ದಿತು. ಅವನ ರಾಶಿಗೆ ಒಡೆಯನೊಬ್ಬನಿದ್ದನು. ಊರೆಲ್ಲ ಸೇರಿ ಒಟ್ಟಿದ ಪಚ್ಚನಾಡಿಯ ರಾಶಿಗೆ ಅಜಾಗ್ರತೆಯ ಐವತ್ತನಾಲ್ಕು ಪಣವನ್ನು ಯಾರ ಹೆಸರಿಗೆ ಬರೆಯಬೇಕೆಂಬುದಕ್ಕೆ ಅರ್ಥಶಾಸ್ತ್ರದಲ್ಲಿಯೂ ಸೂತ್ರವಿಲ್ಲ, ೨೦೧೬ರ ನಿಯಮಗಳಲ್ಲಿಯೂ ಸ್ಪಷ್ಟವಾದ ಉತ್ತರವಿರಲಿಲ್ಲ.