ಸೆನ್ಸರ್ ದೀಪ (ಗದಗ ಸೀಮೆಯ ಮನೆಗಳಲ್ಲಿ)

ಮನುಷ್ಯರ ಸುಳಿವು ಸಿಕ್ಕೊಡನೆ ತಾನಾಗಿ ಹೊತ್ತಿ, ತುಸು ಹೊತ್ತಿನಲ್ಲಿ ಆರುವ ವಿದ್ಯುತ್ ದೀಪ. ಮೆಟ್ಟಿಲು, ಹಿತ್ತಲು, ಬಚ್ಚಲ ದಾರಿಗಳಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಅದನ್ನು ಎಲ್ಲಿ ಕೂರಿಸಬಹುದೆಂಬುದು ಬಹುಮಟ್ಟಿಗೆ ಮನೆಯ ಹಳೆಯ ವೈರಿಂಗಿನ ಮೇಲೆ ನಿಂತಿದೆ. ಆ ವೈರಿಂಗಿನ ಹಿಂದೆ ಇಲ್ಲಿಗೆ ಕರೆಂಟು ಬಂದ ಕಥೆಯಿದೆ.

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲೇ ಚಾಲೂ ಆಗಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ಗದಗ ಸೀಮೆ ಆಗ ಬೇರೆಬೇರೆ ಆಳ್ವಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. 1956ರಲ್ಲಿ ಎಲ್ಲವೂ ಒಂದೇ ರಾಜ್ಯಕ್ಕೆ ಬಂದವು. ಮರುವರ್ಷ ವಿದ್ಯುತ್ ಮಂಡಳಿ ಹುಟ್ಟಿತು, 1960ರ ದಶಕದಲ್ಲಿ ಶರಾವತಿಯ ಕರೆಂಟು ಸೇರಿಕೊಂಡಿತು. ಹಳ್ಳಿಯ ಬಡವರ ಮನೆಗಳಲ್ಲಿ ಕಂದೀಲು, ಚಿಮಣಿಗಳ ಕಾಲ ಅದಾದ ಮೇಲೂ ಬಹಳ ದಿನ ನಡೆಯಿತು. ಅಂಥ ಮನೆಗಳಿಗೆ ಭಾಗ್ಯಜ್ಯೋತಿ ಯೋಜನೆ ಕೊಟ್ಟಿದ್ದು ಒಂದೇ ಒಂದು ಬಲ್ಬು. 2002ರಿಂದ ಇಲ್ಲಿನ ಸರಬರಾಜು ಹೆಸ್ಕಾಂನದು.

ಮಣ್ಣಿನ ಮಾಳಿಗೆಯ ಮನೆಗಳ ದಪ್ಪ ಗೋಡೆಯನ್ನು ಕೊರೆದು ಪೈಪು ಹುಗಿಸುವುದು ಸುಲಭವಲ್ಲ. ಹಾಗಾಗಿ ಕರೆಂಟು ಬಂದಾಗ ತೊಲೆ, ಜಂತಿಗಳ ಗುಂಟ ಕಟ್ಟಿಗೆಯ ಪಟ್ಟಿ ಬಡಿದು, ಅದರ ಮೇಲೆ ಕ್ಲಿಪ್ಪು ಹಾಕಿ ವೈರು ಎಳೆಯುತ್ತಿದ್ದರು. ವೈರು ಉಳಿಸಲೆಂದು ನ್ಯೂಟ್ರಲನ್ನು ನೇರ ಹೋಲ್ಡರಿಗೆ ಒಯ್ದರು; ಸ್ವಿಚ್ಚಿಗೆ ಫೇಸ್ ಮಾತ್ರ ಇಳಿದು, ಮತ್ತೆ ಮೇಲೆ ಹೋಯಿತು. ಬಲ್ಬಿನ ಮಟ್ಟಿಗೆ ಅಷ್ಟು ಸಾಕಿತ್ತು. ಆದರೆ ಸೆನ್ಸರಿನ ಹೊಟ್ಟೆಗೂ ಕರೆಂಟು ಬೇಕು. ಸಾಮಾನ್ಯವಾಗಿ ಅದಕ್ಕೆ ಫೇಸ್, ನ್ಯೂಟ್ರಲ್, ದೀಪಕ್ಕೆ ಹೋಗುವ ವೈರು ಎಂದು ಮೂರು ತುದಿ. ಹೀಗಾಗಿ ಹಳೆಯ ಸ್ವಿಚ್ ಬೋರ್ಡು ತೆಗೆದು ಅಲ್ಲಿಯೇ ಸೆನ್ಸರ್ ಕೂರಿಸಹೊರಟವರಿಗೆ ನ್ಯೂಟ್ರಲ್ ಸಿಗುವುದಿಲ್ಲ. ಸೆನ್ಸರನ್ನು ದೀಪದ ಬುಡಕ್ಕೇ ಹಾಕಿಸುವುದು, ಇಲ್ಲವೇ ಸೆನ್ಸರ್ ಒಳಗೇ ಇರುವ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸುವುದು ಜಾಣತನ. ನ್ಯೂಟ್ರಲ್ ಬದಲು ಅರ್ಥಿಂಗ್ ವೈರನ್ನು ಜೋಡಿಸಿ ಸಾಗಹಾಕುವುದು ಅಪಾಯ. ಅಂಥ ಕೆಲಸಗಾರನನ್ನು ಮನೆಗೆ ಕರೆಯದಿರುವುದೇ ವಾಸಿ.

ಸೆನ್ಸರಿನ ಬಿಳಿ ಪ್ಲಾಸ್ಟಿಕ್ ಗುಬುಟು ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಸಮುದ್ರ ದೀಪಸ್ತಂಭಕ್ಕೆಂದು ರೂಪಿಸಿದ ಮಸೂರದ ಜಾತಿಯದು. ದೇಹದಿಂದ ಹೊಮ್ಮುವ ಶಾಖದ ಅತಿಗೆಂಪು ಕಿರಣಗಳನ್ನು ಅದು ತುಂಡುತುಂಡಾಗಿ ಒಳಗಿನ ಹರಳಿನ ಮೇಲೆ ಬೀಳಿಸುತ್ತದೆ. ಮನುಷ್ಯ ಅಡ್ಡ ಹಾಯ್ದಾಗ ಆ ಶಾಖ ಏರಿಳಿಯುತ್ತದೆ, ಸೆನ್ಸರ್ ಎಚ್ಚರಗೊಳ್ಳುತ್ತದೆ. ನೇರ ಎದುರಿಗೆ ನಡೆದು ಬಂದವರನ್ನು ಅದು ತಡವಾಗಿ ಗುರುತಿಸುವುದೂ ಇದರಿಂದಲೇ. ಮೈಶಾಖಕ್ಕೂ ಸುತ್ತಲಿನ ಶಾಖಕ್ಕೂ ಅಂತರವಿದ್ದರಷ್ಟೇ ಈ ಆಟ ನಡೆಯುವುದು. ಏಪ್ರಿಲ್, ಮೇ ತಿಂಗಳ ಸಂಜೆ ಗದುಗಿನ ಕಲ್ಲುಗೋಡೆ ಇನ್ನೂ ಸುಡುತ್ತಿರುವಾಗ ದೀಪ ಹೊತ್ತದಿದ್ದರೆ ಸೆನ್ಸರ್ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಿಲ್ಲ.

ಪದೇಪದೇ ಹೊತ್ತಿ ಆರಿದರೆ ಟ್ಯೂಬ್‌ಲೈಟು, ಸಿಎಫ್‌ಎಲ್‌ಗಳ ಆಯುಸ್ಸು ಕುಗ್ಗುತ್ತಿತ್ತು. ಎಲ್‌ಇಡಿಗೆ ಆ ಕಾಟ ಕಡಿಮೆ. 2015ರಲ್ಲಿ ಉಜಾಲಾ ಯೋಜನೆ ಎಲ್‌ಇಡಿ ಬಲ್ಬುಗಳನ್ನು ಅಗ್ಗಕ್ಕೆ ಹಂಚತೊಡಗಿದ ಮೇಲೆ ಸೆನ್ಸರಿಗೆ ತಕ್ಕ ಜೋಡಿ ಕೈಗೆಟುಕಿತು. ಕರೆಂಟು ಹೋಗಿ ಬಂದಾಗ ಯಾರೂ ಇಲ್ಲದೆಯೂ ಅರೆ ನಿಮಿಷವೋ ಒಂದು ನಿಮಿಷವೋ ಉರಿಯುವ ಸೆನ್ಸರುಗಳಿವೆ. ಅದು ಹರಳು ಹದಕ್ಕೆ ಬರುವ ಹೊತ್ತು, ದೋಷವಲ್ಲ.